ಸಂಜೆ ಪ್ರಾರ್ಥನೆಯ ಎರಡು ದನಿಗಳನ್ನು ಸಾಲುವಾರು ಕೂಡಿಸುವ ಬಗ್ಗೆ

ಸಂಖ್ಯೆ: ದನಿ/ಕೂಡಿಕೆ/ಸೊನ್ನೆ/07
ಸ್ಥಳ: ಮಡಿಕೇರಿ

ವಿಷಯ: ಮೆಷಿನ್ ಲರ್ನಿಂಗ್ ಲೈಬ್ರರಿಯಲ್ಲಿ (ಅಂದರೆ ಕಂಪ್ಯೂಟರ್ ಯಂತ್ರಕ್ಕೆ ಕಲಿಸುವ ಸಿದ್ಧ ಲೆಕ್ಕಸೂತ್ರಗಳ ಸಂಗ್ರಹದಲ್ಲಿ) ನೆಸ್ಟೆಡ್ ಟೆನ್ಸರ್‌ಗಳ ಬಿಡಿಬಿಡಿ ಕೂಡಿಕೆ, ಮೃತರ ಸಹಕಾರವಿಲ್ಲದಿರುವುದು.

ಉಲ್ಲೇಖ: 1. ಶ್ರೀಮತಿ ಕಾತ್ಯಾಯನಿಯವರ ಮೌಖಿಕ ಕೋರಿಕೆ. 2. ಯಂತ್ರದ ನಿರಾಕರಣೆ. 3. ದೈವೇಚ್ಛೆ (ಪ್ರತಿ ಲಭ್ಯವಿಲ್ಲ).

ನಿವೃತ್ತ ಸಂಸ್ಕೃತ ಶಿಕ್ಷಕ ಶ್ರೀ ತಿರುಮಲೇಶ್ವರ ಅವರು ತೀರಿಕೊಂಡ ಸಂಗತಿ ಕಳೆದ ಸೋಮವಾರ ಬೆಳಿಗ್ಗೆ ಈ ಧ್ವನಿಮುದ್ರಣ ವಿಭಾಗದ ಗಮನಕ್ಕೆ ಬಂತು. ಧ್ವನಿಮುದ್ರಣದ ಒಪ್ಪಿಗೆಗೆ ಎರಡನೆಯ ಸಹಿ ಹಾಕಲು ಏಕೆ ಬರಲಿಲ್ಲವೆಂದು ಅಂದೇ ಅವರಿಗೆ ನೋಟೀಸು ಹೊರಡಿಸಲಾಗಿತ್ತು. ಅದನ್ನು ಒಯ್ದ ಜವಾನ ದೇರಪ್ಪ ಅವರು ಅಂಗಳದಲ್ಲಿ ನೆರೆದ ಜನರನ್ನು ಕಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಮುಗಿದು ಮರಳಿದರು. ನೋಟೀಸು ಜಾರಿಯಾಗದ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದೆ.

ದಿನವೂ ದೀಪ ಹಚ್ಚಿ ಮೃತರೂ ಅವರ ಪತ್ನಿ ಕಾತ್ಯಾಯನಿಯವರೂ ಒಟ್ಟಿಗೆ ಹೇಳುತ್ತಿದ್ದ ನಾಲ್ಕು ಸಾಲಿನ ಪ್ರಾರ್ಥನೆಯನ್ನು ಕಳೆದ ತಿಂಗಳು ಇಲ್ಲಿ ಧ್ವನಿಮುದ್ರಿಸಿಕೊಳ್ಳಲಾಗಿತ್ತು. ಕೊಠಡಿಗೆ ಒಂದೇ ಕುರ್ಚಿ ಮಂಜೂರಾಗಿದ್ದರಿಂದ ಒಬ್ಬೊಬ್ಬರನ್ನೇ ಕೂರಿಸಲಾಯಿತು. ಇಬ್ಬರೂ ಒಟ್ಟಿಗಿರುವ ಧ್ವನಿಮುದ್ರಿಕೆ ಬೇರೆಲ್ಲೂ ಇಲ್ಲ. ಉತ್ತರಕ್ರಿಯೆಯ ಸಂಜೆ ಎರಡೂ ದನಿ ಒಟ್ಟಿಗೆ ಕೇಳಬೇಕೆಂಬುದು ಕಾತ್ಯಾಯನಿಯವರ ಕೋರಿಕೆ. ಆದಕಾರಣ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ನೆಸ್ಟೆಡ್ ಟೆನ್ಸರ್ ಎಂದರೆ ಒಂದೇ ಕಟ್ಟಿನೊಳಗೆ ಇಟ್ಟ, ಉದ್ದ ಬೇರೆ ಬೇರೆಯಿರುವ ಅಂಕಿಗಳ ಸಾಲುಗಳು. ಇಲ್ಲಿ ಪ್ರಾರ್ಥನೆಯ ಒಂದು ಸಾಲಿಗೆ ಅಂಕಿಗಳದೂ ಒಂದು ಸಾಲು. ಅಂಕಿಗಳು ದನಿಯ ಏರಿಳಿತ.

2. ಎರಡು ಕಟ್ಟುಗಳನ್ನು ಕೂಡಿಸುವಾಗ ಅವರ ಮೊದಲ ಅಂಕಿಗೆ ಇವರ ಮೊದಲ ಅಂಕಿ, ಎರಡನೆಯದಕ್ಕೆ ಎರಡನೆಯದು, ಹೀಗೆ ಸೇರಬೇಕು. ಸಾಲಿಗೆ ಸಾಲು ಸಮವಿರಬೇಕು. ಮೊದಲ ಸಾಲಿನಲ್ಲಿ ಯಜಮಾನರು ಎಳೆದಿದ್ದಾರೆ. ಮೂರನೆಯದರಲ್ಲಿ ಪತ್ನಿ ಎಳೆದಿದ್ದಾರೆ. ನಾಲ್ಕೂ ಸಾಲು ಸೇರಿ ಇಬ್ಬರದೂ ಒಟ್ಟು ಉದ್ದ ಒಂದೇ ಎಂಬ ವಾದವನ್ನು ಯಂತ್ರ ತಳ್ಳಿಹಾಕಿದೆ.

3. ಇನ್ನು ಮುಂದೆ ಜಿಲ್ಲೆಯ ದಂಪತಿಗಳು ಸಮಾನ ಉಸಿರಿನಲ್ಲಿ ದೇವರನ್ನು ನೆನೆಯತಕ್ಕದ್ದು. ಭಕ್ತಿ ಹೆಚ್ಚಾಗಿ ಗಂಟಲು ಕಟ್ಟುವವರು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಮಳೆಗಾಲದ ಕೆಮ್ಮು ಪ್ರಾರ್ಥನೆಯ ಭಾಗವೇ ಎಂಬ ಬಗ್ಗೆ ವಿರಾಜಪೇಟೆ ಶಾಖೆಯ ಅಭಿಪ್ರಾಯ ಕೋರಲಾಗಿದೆ.

4. ಮೂರನೆಯ ಸಾಲನ್ನು ಮತ್ತೊಮ್ಮೆ, ಸ್ವಲ್ಪ ಉದ್ದವಾಗಿ ಹೇಳಿಹೋಗುವಂತೆ ಮೃತರಿಗೆ ಅವಕಾಶ ನೀಡಲಾಗಿತ್ತು. ಹಾಜರಾಗಿಲ್ಲ. ಸ್ವರ್ಗಸ್ಥರಾಗಲು ಇಚ್ಛಿಸುವವರು ಬಾಕಿ ಕೆಲಸ ಮುಗಿಸಿ ಹೊರಡತಕ್ಕದ್ದು.

5. ಉದ್ದವಿರುವಲ್ಲೆಲ್ಲ ಕತ್ತರಿಸಲು ತೀರ್ಮಾನಿಸಿ ಕಾತ್ಯಾಯನಿಯವರ ಒಪ್ಪಿಗೆ ಕೇಳಲಾಯಿತು. ಅವರ ಹೇಳಿಕೆ ಯಥಾವತ್ತಾಗಿ: "ಅವ್ರನ್ನ ದೇವ್ರು ಕತ್ತರಿಸಿದ್ದು ಸಾಕು. ನೀವು ಬೇರೆ ಕತ್ರಿ ಹಿಡ್ಕೊಂಡು ಕೂತಿದ್ದೀರಾ ಮಾರಾಯ್ರೇ?" ಇದನ್ನು ಒಪ್ಪಿಗೆಯೆಂದು ಪರಿಗಣಿಸಲಾಗಲಿಲ್ಲ.

6. ಯಂತ್ರ ನೋಡಿಕೊಳ್ಳುವ ಕುಮಾರಿ ಸಂಹಿತಾ, "ಸರ್, ಗಿಡ್ಡ ಇರೋ ಕಡೆ ಸೊನ್ನೆ ತುಂಬಿಸಿದ್ರೆ ಆಯ್ತಲ್ಲ, ಇದಕ್ಕೆ ಮೀಟಿಂಗ್ ಯಾಕೆ?" ಎಂದರು. ಮೀಟಿಂಗ್ ಕರೆಯಲಾಯಿತು. ಮೃತರ ಹೆಸರಿನಲ್ಲಿ ಹೊಸದಾಗಿ ಸೊನ್ನೆ ಸೇರಿಸುವುದು ಅವರ ಪರವಾಗಿ ಮಾತಾಡಿದಂತೆ ಆಗುವುದೇ ಎಂಬ ಚರ್ಚೆ ಊಟದ ಹೊತ್ತು ಮೀರಿ ನಡೆಯಿತು. ಸೊನ್ನೆ ಮಾತಲ್ಲ, ಮೌನ. ಅದನ್ನು ಕೂಡಿಸಿದರೆ ಇನ್ನೊಬ್ಬರ ದನಿ ಇದ್ದಂತೆಯೇ ಉಳಿಯುತ್ತದೆ ಎಂದು ಕಂಡುಬಂದುದರಿಂದ ಅನುಮತಿಸಲಾಯಿತು.

7. ಕೂಡಿಕೆ ಸರಿಬಂದಿದೆ. ಮೂರನೆಯ ಸಾಲಿನಲ್ಲಿ ಯಜಮಾನರ ದನಿ ಮುಗಿದ ಮೇಲೆ ಕಾತ್ಯಾಯನಿಯವರದು ಒಂದೇ ಸ್ವಲ್ಪ ದೂರ ಹೋಗುತ್ತದೆ. ಇದನ್ನು ದೋಷವೆಂದು ಬರೆಯಲು ಹೊರಟ ಸಿಬ್ಬಂದಿಗೆ ಕಾತ್ಯಾಯನಿಯವರು, "ಇರ್ಲಿ ಬಿಡಿ, ಇನ್ನು ಹಾಗೇ ಅಲ್ವಾ" ಎಂದರು. ಬಳಿಕ ಮೊದಲ ಸಾಲನ್ನು ಮತ್ತೆ ಹಾಕಿಸಿದರು. ಅದರ ಕೊನೆಯಲ್ಲಿ ಯಜಮಾನರೊಬ್ಬರೇ ಎಳೆಯುತ್ತಾರೆ. ಮತ್ತೆ ಹಾಕಿಸಿದರು. ಒಬ್ಬರಿಗೆ ಒಂದೇ ಸಲ ಎಂಬ ನಿಯಮವನ್ನು ಆ ಮಧ್ಯಾಹ್ನದ ಮಟ್ಟಿಗೆ ಸಡಿಲಿಸಲಾಗಿದೆ.

8. ಅದೇ ಮಧ್ಯಾಹ್ನ ಸಿಬ್ಬಂದಿ ಕಣ್ಣೊರೆಸಿಕೊಂಡುದಕ್ಕೆ ಕಿಟಕಿಯಿಂದ ಬಂದ ಮಂಜು ಕಾರಣವೆಂದು ದಾಖಲಿಸಲಾಗಿದೆ. ಕಿಟಕಿ ಮುಚ್ಚಿತ್ತು.

(ಸಹಿ)
ವಿಷ್ಣುಪ್ರಸಾದ್
ಮುಖ್ಯಸ್ಥರು (ಪ್ರಭಾರ)

ಪ್ರತಿಗಳು:
ಎಲ್ಲ ಶಾಖೆಗಳಿಗೆ, ಸಮಾನ ಉಸಿರಿನ ಪಾಲನೆಗಾಗಿ.
ಸಾಮಗ್ರಿ ವಿಭಾಗಕ್ಕೆ, ಎರಡನೆಯ ಕುರ್ಚಿಗಾಗಿ.
ಶ್ರೀಮತಿ ಕಾತ್ಯಾಯನಿಯವರಿಗೆ, ಧ್ವನಿಮುದ್ರಿಕೆಯೊಂದಿಗೆ, ಖುದ್ದಾಗಿ.
ದೇವರ ಸನ್ನಿಧಿಗೆ, ವಿನಯಪೂರ್ವಕವಾಗಿ: ನಿನ್ನಲ್ಲಿಗೆ ಬಂದ ತಿರುಮಲೇಶ್ವರ ಮೇಷ್ಟ್ರ ಜೀವಕ್ಕೆ ಶಾಂತಿ ಕೊಡು ತಂದೆ. ಅವರನ್ನು ಕಾಯಿಸಬೇಡ.