ಎಮ್ಮೆ, ಜಾನುವಾರು, ಪಶುಪಾಲನೆ

ಇನ್ನು ಮೇಲೆ ನಮ್ಮೂರಿನ ಯಾರೂ ಯಾವ ಸಂಶಯಕ್ಕೂ ಪರಊರಿಗೆ ಅಲೆಯಬೇಕಾಗಿಲ್ಲ ಎಂದು ನಾನು ಘೋಷಿಸಿದ್ದು ಎಂಬತ್ತನಾಲ್ಕನೇ ಇಸವಿಯ ಆಷಾಢದಲ್ಲಿ. ಧಾರವಾಡದಲ್ಲಿ ಒಂದು ತಿಂಗಳು ಗ್ರಂಥಪಾಲಕರ ತರಬೇತಿ ಮುಗಿಸಿ, ಊರ ವಾಚನಾಲಯದ ಮುರುಕು ಕುರ್ಚಿಯಲ್ಲಿ ಪಟ್ಟಕ್ಕೇರಿದ್ದೆ. ವಿಶ್ವಕೋಶಗಳಲ್ಲಿ ಎಷ್ಟು ಬಗೆ? ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ: ಒಂದೇ ಸಂಪುಟದ್ದು, ಹಲವು ಸಂಪುಟದ್ದು, ಮಕ್ಕಳದ್ದು, ವರ್ಷಕ್ಕೊಮ್ಮೆ ಬರುವ ಪುರವಣಿ. ನಾಲ್ಕೂ ನಮ್ಮ ಕಪಾಟಿನಲ್ಲಿದ್ದವು! ಎಲ್ಲದರ ಮೇಲೂ ‘ಹೊರಗೆ ಒಯ್ಯಬಾರದು’ ಎಂದು ಶಿಕ್ಕಾ ಹೊಡೆದವನು ಸಾಕ್ಷಾತ್ ನಾನೇ.

“ಎಲ್ಲಾ ಗೊತ್ತಿರಬೇಕಂತಿಲ್ಲ. ಎಲ್ಲಿ ನೋಡಬೇಕಂತ ಗೊತ್ತಿದ್ರ ಸಾಕು!” ಎಂದು ಹೆಂಡತಿ ಶಿವಗಂಗವ್ವನಿಗೆ ದಿನವೂ ಉಪದೇಶ.

“ಹೌದ್ರಿ. ರೊಟ್ಟಿ ಆರತಾವು, ಉಣ್ರಿ ಮೊದ್ಲ.”

ಅಷ್ಟರಲ್ಲಿ ಗೌರಿ ಈದಳು. ಗೌರಿ ಎಂದರೆ ಕರುವಾಗಿದ್ದಾಗಲೇ ಶಿವಗಂಗವ್ವ ಶಲವಡಿಯ ತವರಿನಿಂದ ತಂದು ಸಾಕಿದ ಎಮ್ಮೆ. ನಮಗಿನ್ನೂ ಮಕ್ಕಳಿರಲಿಲ್ಲ. ಆ ಮನೆಯ ಮೊದಲ ಬಾಣಂತಿ ಗೌರಿಯೇ. ಹಾಲು ಕರೆಯುವವರು ಯಾರು ಎಂದು ಅದೇ ನೆಪ ಹೇಳಿ, ಈ ಸಲ ಪಂಚಮಿ ಹಬ್ಬಕ್ಕೆ ತವರು ಬೇಡ ಎಂದೂ ನಾನು ಅಪ್ಪಣೆ ಕೊಡಿಸಿಯಾಗಿತ್ತು.

ಆದರೆ ಗೌರಿ ಕರುವನ್ನು ಮೂಸಿ ನೋಡಿದವಳೇ ಒದ್ದುಬಿಟ್ಟಳು!

“ರೀ, ಎಮ್ಮಿ ಕರಾನ್ನ ಬಿಟ್ಕೋವಲ್ದು. ಕರಾ ನಡಗಾಕತ್ತೈತಿ. ಹೊಟ್ಟಿಗೆ ಹಾಲು ಬೀಳಲಿಲ್ಲಂದ್ರ ಉಳಿಯೂದಿಲ್ಲ. ಸ್ವಲ್ಪ ಹಿಡಕೊಳ್ರಿ, ನಾ ಒಳಗ ಹೋಗಿ…”

“ನೀ ಏನೂ ಮಾಡಬ್ಯಾಡ! ನಾ ನೋಡ್ಕೊಂಡ ಬರ್ತೀನಿ!”

ವಾಚನಾಲಯಕ್ಕೆ ಓಡಿದೆ. ನನ್ನ ಶಿಕ್ಕಾವನ್ನು ನಾನೇ ಮುರಿದು, ಮೂರು ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಕೊಟ್ಟಿಗೆಗೆ ಬಂದೆ. ಒಂದೇ ಸಂಪುಟದ್ದು ಹೇಳಿತು: ‘ಎಮ್ಮೆ: ಹಾಲು ಕೊಡುವ ಸಾಕುಪ್ರಾಣಿ.’ ಗೌರಿ ಅದನ್ನೂ ಸುಳ್ಳು ಮಾಡಿ ನಿಂತಿದ್ದಳು. ಮಕ್ಕಳದ್ದರಲ್ಲಿ ಎಮ್ಮೆಯೊಂದು ಕರುವನ್ನು ನೋಡಿ ನಗುತ್ತಿತ್ತು. ಚಿತ್ರವನ್ನು ಗೌರಿಗೂ ತೋರಿಸಿದೆ, ಬುದ್ಧಿ ಬರಲಿ ಎಂದು. ಬರಲಿಲ್ಲ. ಪುರವಣಿಯಲ್ಲಿ ಹೋದ ವರ್ಷ ದೇಶದಲ್ಲಿ ಎಷ್ಟು ಹಾಲಾಯಿತು ಎಂಬ ಲೆಕ್ಕವಿತ್ತು.

ಮತ್ತೆ ಓಡಿದೆ. ದೊಡ್ಡದರ ‘ಎ’ ಸಂಪುಟ ಹೊತ್ತು ತಂದೆ. ಎಮ್ಮೆಯ ಪೂರ್ವಜರು, ಕೊಂಬಿನ ಅಳತೆ, ಎಲ್ಲಾ ಇತ್ತು. ಕೊನೆಗೆ: ‘ನೋಡಿ: ಜಾನುವಾರು.’ ಸಂಪುಟವನ್ನು ಅಲ್ಲೇ ಮೇವಿನ ಮೇಲೆ ತೆರೆದಿಟ್ಟು ಓಡಿದೆ. ಎರೆಮಣ್ಣಿನ ರಾಡಿ ಒಂದು ಚಪ್ಪಲಿ ಕಿತ್ತುಕೊಂಡಿತು. ‘ಜ’ದಲ್ಲಿ: ‘ನೋಡಿ: ಪಶುಪಾಲನೆ.’ ಬರಿಗಾಲಲ್ಲಿ ‘ಪ’ಕ್ಕೆ ಕೈಹಾಕಿದೆ. ಅದರಲ್ಲಿ: ‘ನೋಡಿ: ಎಮ್ಮೆ’!

ಎರಡನ್ನೂ ಹೊತ್ತು ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಸಪ್ಪಳವೇ ಇಲ್ಲ. ಇಣುಕಿದೆ. ಕರು ಬಾಲ ಅಲ್ಲಾಡಿಸುತ್ತ ಮೊಲೆಗೆ ಬಾಯಿ ಹಾಕಿತ್ತು. ಗೌರಿ ಅದರ ಬೆನ್ನು ನೆಕ್ಕುತ್ತಿದ್ದಳು. ಶಿವಗಂಗವ್ವನ ಕೈಯೆಲ್ಲ ಹಿಟ್ಟು, ಕಣ್ಣಲ್ಲಿ ನೀರು.

“ಏನ್ ಮಾಡ್ದೀ?”

“ಕರದ ಮೈಗೆ ಜ್ವಾಳದ ಹಿಟ್ಟು, ಉಪ್ಪು ಸವರಿದೆ. ರುಚಿಗೆ ನೆಕ್ಕಾಕತ್ತಿದ್ಲು. ನೆಕ್ಕಿ ನೆಕ್ಕಿ ತಾಯಿ ಆದ್ಲು ನೋಡ್ರಿ.”

“ಮೊದ್ಲ ಹೇಳಬಾರದಾ?”

“ಬಾಯಿ ತಗದೆ, ನೀವು ಓಡಿದ್ರಿ!”

ಮೇವಿನ ಮೇಲಿದ್ದ ಸಂಪುಟಕ್ಕೂ ಹಿಟ್ಟು ಬಿದ್ದಿತ್ತು. ಎಮ್ಮೆಯ ಪುಟವನ್ನು ಎಮ್ಮೆಯೇ ತಿಂದು ಮುಗಿಸಿತ್ತು.

ಮರುದಿನ ಗಿಣ್ಣದ ತಾಟು ಮುಂದಿಟ್ಟಾಗ ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. “ಇನ್ನ ಮ್ಯಾಲೆ ಈ ಮನಿ ವಿಶ್ವಕೋಶ ನೀನ!” ಎಂದೆ.

“ಅಯ್ಯ, ವಿಶ್ವಕೋಶ ಹೊರಗ ಒಯ್ಯಬಾರದಲ್ರಿ? ಪಂಚಮಿಗೆ ಶಲವಡಿಗೆ ಹೆಂಗ ಹೋಗ್ಲಿ?”

ಒಂದೇ ದಿನ ಆರು ಪುಸ್ತಕ ಹೊರಗೆ ಒಯ್ದವನಿಗೆ ಕಾಯಿದೆ ಹೇಳುವ ಬಾಯಿ ಎಲ್ಲಿಂದ ಬರಬೇಕು? ಪಂಚಮಿಯ ಹಿಂದಿನ ದಿನ ನಾನೇ ಅವಳನ್ನು ಬಸ್ಸು ಹತ್ತಿಸಿದೆ. ಸಂಜೆ ಚರಿಗೆ ಹಿಡಿದು ಹಾಲು ಕರೆಯಲು ಕುಳಿತೆ. ಗೌರಿ ಚರಿಗೆಯನ್ನೂ ನನ್ನನ್ನೂ ಕೂಡಿಯೇ ಒದ್ದಳು.

ಸಗಣಿಯಲ್ಲಿ ಕೂತು ಯೋಚಿಸಿದೆ. ಎಲ್ಲಿ ನೋಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಸಂಪುಟ ಶಲವಡಿಗೆ ಹೋಗಿತ್ತು!