ನೀಲಮ್ಮನ ರೊಟ್ಟಿ ಸಪ್ಪಳ

ಗಂಡಸರಿಗೆ ರೊಟ್ಟಿ ತಿನ್ನುವುದು ಗೊತ್ತು, ರೊಟ್ಟಿಗೆ ಹೆಸರಿಡುವುದು ಇನ್ನೂ ಚೆನ್ನಾಗಿ ಗೊತ್ತು. ಮಸ್ಕಿಯ ಬಜಾರದಲ್ಲಿ ಅರಿವೆ ಅಂಗಡಿ ಇಟ್ಟುಕೊಂಡ ನಾನೂ 'ದಪ್ಪ ಆಗ್ಯಾದ', 'ಅಂಚು ಒಡದಾವ' ಎನ್ನುತ್ತಲೇ ಸಂಸಾರ ಮಾಡಿದವನು. ಜೋಳದ ಹಿಟ್ಟು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡಿತ್ತು ಎಂದು ಆಮೇಲೆ ತಿಳಿಯಿತು.

ನನ್ನ ಹೆಂಡತಿ ನೀಲಮ್ಮನ ಎದೆಯಲ್ಲಿ ಗಂಟಾಯಿತು. ರಾಯಚೂರಿನಿಂದ ರೈಲು ಹತ್ತಿ ದೂರದ ದೊಡ್ಡ ದವಾಖಾನೆಗೆ ಹೋಗಿ, ಬಲಗಡೆಯ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆಸಿಕೊಂಡು ಬಂದೆವು. ಗಾಯ ಮಾಯಿತು. ಗಂಡಾಂತರ ಕಳೆಯಿತು ಅನ್ನುವಷ್ಟರಲ್ಲಿ ಬಲಗೈ ಬೆರಳಿನಿಂದ ರಟ್ಟೆಯವರೆಗೆ ಬಾತುಕೊಂಡಿತು. ಪಕ್ಕದ ಮನೆಯ ಗಂಗವ್ವ, "ಉಪ್ಪಿನ ಶಾಖ ಕೊಡ್ರಿ, ಇಳೀತದ" ಅಂದಳು. ಕೊಟ್ಟೆ. ಮರುದಿನ ಕೈ ಕೆಂಪಾಗಿ, ಚಳಿಜ್ವರ ಬಂದು, ಮತ್ತೆ ರೈಲು ಹತ್ತಿದೆವು. ಅಲ್ಲಿನ ಡಾಕ್ಟರಮ್ಮ ತಿಳಿಸಿ ಹೇಳಿದರು: ಕೈಯ ನೀರು ಹರಿದುಹೋಗುವ ಸಣ್ಣ ದಾರಿಗಳು ಗಂಟಿನ ಜೊತೆಗೇ ಹೋಗಿವೆ, ಬಾವು ಪೂರಾ ಹೋಗುವುದಿಲ್ಲ, ಹದ್ದುಬಸ್ತಿನಲ್ಲಿಡಬೇಕು, ಕೈ ಎತ್ತರದಲ್ಲಿರಲಿ, ಪಟ್ಟಿ ಸುತ್ತಿರಲಿ, ಸುಡಬಾರದು, ಕೊಯ್ಯಬಾರದು, ದಣಿಸಬಾರದು. ಆಗ ಸಿಂಧನೂರಿನ ಕಡೆ ಕಾಲುವೆ ಕೆಲಸ ನಡೆದಿತ್ತು. "ಸರಕಾರ ಊರೂರಿಗೆ ಕಾಲುವಿ ತೋಡಾಕತ್ತೈತಿ, ನನ್ನ ಕಾಲುವಿ ಮಾತ್ರ ಮುಚ್ಚಿ ಕಳಿಸ್ಯಾರ" ಅಂದಳು ನೀಲಮ್ಮ. ನಾನು ನಕ್ಕೆ. ಅವಳು ನಗಲಿಲ್ಲ.

ಪಟ್ಟಿ ಸುತ್ತುವುದು ನನ್ನ ಪಾಲಿಗೆ ಬಂತು. ರುಮಾಲು ಸುತ್ತಿ ಪಳಗಿದ ಕೈ, ಇದೇನು ಮಹಾ ಅಂದುಕೊಂಡೆ. ಮೊದಲ ದಿನ ಅವಳು ಕೈಯನ್ನು ಹೊರಳಿಸಿ ನೋಡಿ, "ಇದಕ್ಕೊಂದು ತುರಾಯಿ ಇಟ್ಟರ ಮದುವಿಗೆ ಹೊಂಟಂಗ ಆಗ್ತದ" ಅಂದಳು. ಬೆರಳ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ ಎಂಬುದನ್ನು ಕಲಿಯಲು ಬಹಳ ದಿನ ಬೇಕಾಯಿತು.

ತೊಡಕಾದದ್ದು ರೊಟ್ಟಿಯಿಂದ. ನಮ್ಮ ಓಣಿಯಲ್ಲಿ ಪ್ರತಿ ಮನೆಯ ರೊಟ್ಟಿ ಬಡಿಯುವ ಸಪ್ಪಳ ಬೇರೆ. ಯಾರು ಎದ್ದಿದ್ದಾರೆ, ಯಾರು ಅತ್ತೆಯ ಮೇಲೆ ಸಿಟ್ಟಾಗಿದ್ದಾರೆ ಎಂದು ಹಾಸಿಗೆಯಲ್ಲೇ ತಿಳಿಯುತ್ತಿತ್ತು. ನೀಲಮ್ಮನದು ಎರಡು ಹಗುರ, ಒಂದು ಜೋರು. "ಸಪ್ಪಳ ನಿಂತರ ಓಣಿ ಹೆಂಗಸರು ಅಯ್ಯೋ ಪಾಪ ಅಂತಾರ. ಅದೊಂದು ಬ್ಯಾಡ್ರಿ" ಎಂದು ತಾನೇ ಬಡಿಯಲು ಕೂತಳು. ಕೈ ಮತ್ತೆ ಬಾತು ಜ್ವರ ಬಂತು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಬಾಗಿಲಿಗೆ ಅಗಳಿ ಹಾಕಿ ನಾನು ಹಿಟ್ಟಿನ ಮುಂದೆ ಕೂತೆ. ಅವಳು ದಿಂಬಿನ ಮೇಲೆ ಕೈ ಇಟ್ಟುಕೊಂಡು, "ಎರಡು ಹಗುರ, ಒಂದು ಜೋರ. ನೀರು ಹಚ್ಚರಿ. ಸಿಟ್ಯಾಕ, ಅದು ಹಿಟ್ಟು, ಗಿರಾಕಿ ಅಲ್ಲ" ಅನ್ನುತ್ತಿದ್ದಳು. ನನ್ನ ಮೊದಲ ರೊಟ್ಟಿ ಹೈದರಾಬಾದ ಸಂಸ್ಥಾನದ ನಕಾಶೆಯ ಹಾಗಿತ್ತು. ಎತ್ತುವಾಗ ಮೂರು ಹೋಳಾಯಿತು. ಮುಂದೆ ಸಂಸ್ಥಾನಕ್ಕೂ ಅದೇ ಗತಿ ಬಂತು.

ಕೆಲವು ತಿಂಗಳಿಗೆ ಗಂಗವ್ವ ಬಂದು, "ನಿನ್ನ ಕೈ ಮೊದಲಿನಂಗ ಆಗ್ಯಾದ ಬಿಡವಾ, ದಿನಾ ಸಪ್ಪಳ ಕೇಳಾಕತ್ತೀನಿ" ಅಂದಳು. "ಶಿವನ ಪುಣ್ಯಾ" ಎಂದು ನೀಲಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಆ ದಿನ ಅವಳ ಮುಖ ನೋಡಿ ನನಗೆ ಹೊಟ್ಟೆ ತುಂಬಿತು. ಹೊಗಳಿಕೆ ನನಗೆ ಸಿಗಲಿಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಗಂಟು ಮತ್ತೆ ಎದ್ದಿತು. ಈ ಸಲ ದವಾಖಾನೆಯವರೂ ಕೈಚೆಲ್ಲಿದರು. ಮಳೆಗಾಲದಲ್ಲಿ ನೀಲಮ್ಮ ಹೋದಳು. ಹೋಗುವ ದಿನದ ಮುಂಜಾನೆಯೂ ಪಟ್ಟಿ ಸುತ್ತಿಸಿಕೊಂಡು, "ಈಗ ಚಲೋ ಬಂತು ನೋಡ್ರಿ" ಅಂದಿದ್ದಳು.

ಬೀಗರು ನೆಂಟರು ಹೋದ ಮೇಲೆ ಒಂದು ಮುಂಜಾನೆ ಹಸಿವಾಯಿತು. ಅಗಳಿ ಹಾಕುವ ಕಾರಣ ಉಳಿದಿರಲಿಲ್ಲ. ಎರಡು ಹಗುರ, ಒಂದು ಜೋರು, ರೊಟ್ಟಿ ಬಡಿಯತೊಡಗಿದೆ. ಗಂಗವ್ವ ಕೂದಲು ಬಿಚ್ಚಿಕೊಂಡೇ ಓಡಿಬಂದು ಬಾಗಿಲಲ್ಲಿ ನಿಂತಳು. ನನ್ನ ಹಿಟ್ಟಿನ ಕೈ ನೋಡಿದಳು.

"ಅಂದ್ರ ಇಷ್ಟು ದಿನ..." ಅಂದವಳು ಹೊಸ್ತಿಲ ಒಳಗೆ ಕುಸಿದು ಕೂತು ಅತ್ತಳು. ನಾನೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಬುಟ್ಟಿಯಲ್ಲಿದ್ದ ರೊಟ್ಟಿ ಎತ್ತಿ ನೋಡಿ, "ಅಂಚು ಒಡದಾವ" ಅಂದಳು.

ಅಭ್ಯಾಸದಂತೆ ನಾನು ದಿಂಬಿನ ಕಡೆ ತಿರುಗಿದೆ. ನೀರು ಹಚ್ಚರಿ ಅನ್ನುವವಳು ಇರಲಿಲ್ಲ. ನಾನೇ ಹಚ್ಚಿಕೊಂಡೆ.