ದುಬೈಗೆ ಹೋಗಿ ಹೂ ಕಟ್ಟಿದ್ದು

ಚಿಂತಾಮಣಿಯಲ್ಲಿರುವ ನನ್ನ ಷಡ್ಡಕ ವೇಣುಗೋಪಾಲನ (ನಾದಿನಿಯ ಗಂಡ, ನನ್ನ ಪೂರ್ವಜನ್ಮದ ಕರ್ಮ) ಮನೆಯ ಹಾಲ್‌ನಲ್ಲಿ ಒಂದು ಫೋಟೋ ಇದೆ. ಸಿಂಗಪೂರದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಹಡಗಿನ ಕಂಬಿಗೆ ಒರಗಿ ನಿಂತದ್ದು. ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಅದರ ದರ್ಶನ. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರು ಇನ್ನೂ ಹಿಂದೂಪುರ ದಾಟಿಲ್ಲ ಅಲ್ವಾ?" ಎನ್ನುತ್ತಾನೆ. ಗೌರಿಬಿದನೂರಿನಲ್ಲಿ ಇಪ್ಪತ್ತು ವರ್ಷದಿಂದ ಭೂಗೋಳ ಪಾಠ ಮಾಡುತ್ತಿರುವ ನಾನು ಹಲ್ಲು ಕಿರಿಯಬೇಕು. (ಗಡಿಯಾಚೆಯ ಆ ಪಕ್ಕದೂರನ್ನು ದಾಟಿಲ್ಲ ಎನ್ನುವುದು ನಿಜ. ಅದೇ ಹೊಟ್ಟೆಯುರಿ.)

ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ಚಿಕ್ಕಬಳ್ಳಾಪುರದ ಹೂ ರಫ್ತು ಕಂಪನಿಯಲ್ಲಿ ಮ್ಯಾನೇಜರು. ಒಂದು ದಿನ ಬಂದವಳೇ, "ದುಬೈಯಲ್ಲಿ ಮೂರು ದಿನ ಹೂವಿನ ಮೇಳ, ನಾನು ಹೋಗ್ಬೇಕು ರೀ" ಎಂದಳು. ನನಗೆ ಜ್ಞಾನೋದಯವಾಯಿತು.

"ಮೂರು ದಿನ ನಿನ್ನ ಕೆಲಸ. ಆಮೇಲೆ ಮೂರು ದಿನ ಇಬ್ರೂ ಊರು ನೋಡಣ. ನನ್ನ ಟಿಕೆಟ್ ನಾನೇ ತಗೋತೀನಿ ಕಣೇ."

"ನಾನು ಕೆಲಸ ಮಾಡೋವಾಗ ನೀವೇನ್ ಮಾಡ್ತೀರಿ?"

"ಆರಾಮಾಗಿರ್ತೀನಿ."

"ಅದು ನಿಮಗೆ ಇಲ್ಲೂ ಚೆನ್ನಾಗೇ ಬರುತ್ತೆ," ಎಂದಳು. ಆದರೂ ಒಪ್ಪಿದಳು.

ನಾನೂ ಒಂದು ಕಪ್ಪು ಕನ್ನಡಕ ಕೊಂಡೆ. ಆ ಆಕಾಶ ಮುಟ್ಟುವ ಕಟ್ಟಡದ ಮುಂದೆ ಒಂದೇ ಒಂದು ಫೋಟೋ, ವೇಣುವಿನ ಬಾಯಿಗೆ ಬೀಗ. ನನ್ನ ವಿದೇಶಾಂಗ ನೀತಿ ಇಷ್ಟೇ.

ಮೇಳದ ಮೊದಲ ಬೆಳಿಗ್ಗೆಯೇ ಇವಳ ಮಳಿಗೆಗೆ ಕಟ್ಟಿದ್ದ ಸೇವಂತಿಗೆ ತೋರಣ ಕಿತ್ತು ಬಿತ್ತು. ಎಲ್ಲರೂ ಗಮ್ ಟೇಪಿಗಾಗಿ ಪರದಾಡುತ್ತಿದ್ದರು. ನೋಡಲಾರದೆ ನಾನು ಚಕ್ಕಂಬಕ್ಕಳ ಹಾಕಿ ಕೂತು, ದಾರ ಹಿಡಿದು ಸರಸರನೆ ಕಟ್ಟಿಬಿಟ್ಟೆ. ತೊಂಡೇಬಾವಿಯಲ್ಲಿ ಕನಕಾಂಬರ ಬೆಳೆಯುತ್ತಿದ್ದ ನಮ್ಮಮ್ಮ ಓಬಳಮ್ಮ, ಹತ್ತು ಮೊಳ ಕಟ್ಟದೆ ನನ್ನನ್ನು ಸ್ಕೂಲಿಗೇ ಬಿಡುತ್ತಿರಲಿಲ್ಲ. ಮನೆಯಲ್ಲಿ ಇಷ್ಟು ವರ್ಷ ಮುಚ್ಚಿಟ್ಟಿದ್ದ ವಿದ್ಯೆಯನ್ನು ದುಬೈಯಲ್ಲಿ ತೋರಿಸಿದ್ದೇ ನಾನು ಮಾಡಿದ ತಪ್ಪು.

ತಲೆಯೆತ್ತಿದರೆ ಸುತ್ತ ಜನವೋ ಜನ. ಅನಂತಪುರದ ಕಡೆಯ ಹೆಂಗಸೊಬ್ಬರು, "ಅನ್ನಾ, ಇಂಕೋ ಮೂರ ಇವ್ವಂಡಿ" ಎಂದರು. ಇನ್ನೊಂದು ಮೊಳ ಬೇಕಂತೆ! ತೆಲುಗು ಕಿವಿಗೆ ಬಿದ್ದರೆ ನಮ್ಮ ಕಡೆಯವರ ಬಾಯಿ ಸುಮ್ಮನಿರುತ್ತದೆಯೇ? "ಇಸ್ತಾನಮ್ಮಾ" (ಕೊಡ್ತೀನಮ್ಮಾ) ಎಂದುಬಿಟ್ಟೆ.

ಕಂಪನಿಯ ಮಾಲೀಕ ನರೇಂದ್ರ ಓಡಿ ಬಂದರು. "ಮೇಡಂ, ನಿಮ್ಮ ಯಜಮಾನ್ರು ಇಲ್ಲೇ ಇರ್ಲಿ. ನೀವು ನಮ್ಮ ಮನೆಯವರ ಜೊತೆ ಊರು ನೋಡ್ಕೊಂಡ್ ಬನ್ನಿ."

"ನನ್ನ ಬಿಟ್ಟು ಹೋಗ್ತೀಯೇನೇ?"

"ಆರಾಮಾಗಿರ್ತೀನಿ ಅಂದ್ರಲ್ಲ. ಕೂತ್ಕೊಂಡೇ ಇದ್ದೀರಲ್ಲ!"

ಮೂರು ದಿನ ಕಟ್ಟಿದೆ. ನಾಲ್ಕನೆಯ ದಿನ ಬೂಟು, ಕನ್ನಡಕ ಎಲ್ಲ ಏರಿಸಿಕೊಂಡು ಹೋಟೆಲ್ ರೂಮಿನ ಬಾಗಿಲು ತೆಗೆದರೆ ಎದುರಿಗೆ ಎಂಟು ಬುಟ್ಟಿ ಹೂವು. ಅಲ್ಲಿನ ಯಾವುದೋ ತೆಲುಗರ ಮದುವೆಗೆ ನಲವತ್ತು ಹಾರ ಬೇಕಂತೆ. ಒಪ್ಪಿಕೊಂಡವಳು ನನ್ನ ಸಹಧರ್ಮಿಣಿ.

"ದೊಡ್ಡ ಆರ್ಡರು ರೀ. ನನ್ನ ಪ್ರಮೋಷನ್ ಇದರ ಮೇಲೇ ನಿಂತಿದೆ."

"ಹಾಗಾದ್ರೆ ನೀನೂ ಕೂತು ಕಟ್ಟು!"

"ನಂಗೆ ಹೂ ಕಟ್ಟೋಕೆ ಬರಲ್ವಲ್ಲ," ಎಂದವಳೇ ನನ್ನ ಮೂಗಿನ ಮೇಲಿದ್ದ ಕನ್ನಡಕ ತೆಗೆದುಕೊಂಡಳು. "ಮರಳುಗಾಡಲ್ಲಿ ಬಿಸಿಲು ಜಾಸ್ತಿಯಂತೆ. ನೀವು ಹೇಗೂ ಒಳಗೇ ಇರ್ತೀರಿ."

ಹೀಗೆ ಸ್ವಂತ ಟಿಕೆಟ್ಟಿನಲ್ಲಿ ಪರದೇಶಕ್ಕೆ ಹೋಗಿ, ಎದುರು ಹೋಟೆಲಿನ ಗೋಡೆ ನೋಡುತ್ತಾ ರಜೆ ಮುಗಿಸಿದೆ. ನನ್ನದಾಗಿ ಉಳಿದದ್ದು ಒಂದೇ ಫೋಟೋ: ಹಲ್ಲಿನಲ್ಲಿ ದಾರ ಕಚ್ಚಿಕೊಂಡು ನೆಲದ ಮೇಲೆ ಕೂತದ್ದು. ಅದನ್ನು ಕಂಪನಿಯವರು ಫೇಸ್‌ಬುಕ್ಕಿನಲ್ಲಿ ಹಾಕಿದರು.

ಊರಿಗೆ ಬಂದ ಮಾರನೆಯ ದಿನವೇ ವೇಣುವಿನ ಫೋನು.

"ಮೇಷ್ಟ್ರೇ, ಫೋಟೋ ನೋಡ್ದೆ! ಏನ್ ಕೈ ರೀ ನಿಮ್ದು! ಭಾನುವಾರ ನಮ್ಮ ಮಗಳು ಪ್ರಿಯಾಂಕನ ನಿಶ್ಚಿತಾರ್ಥ ಅಲ್ವಾ, ಹೂವಿನವರಿಗೆ ಬರ್ಬೇಡಿ ಅಂದ್ಬಿಟ್ಟೆ. ಮನೇಲೇ ದುಬೈ ರಿಟರ್ನ್ಡ್ ಇದ್ದಾರಲ್ಲ!"

ಇವತ್ತು ಭಾನುವಾರ. ಅವನ ಹಾಲ್‌ನಲ್ಲೇ ಕೂತು ಕಟ್ಟುತ್ತಿದ್ದೇನೆ. ಗೋಡೆಯ ಮೇಲೆ ಸಿಂಗಪೂರದ ವೇಣು ಇದ್ದಲ್ಲೇ ಇದ್ದಾನೆ. ಪಕ್ಕದಲ್ಲಿ ನಿನ್ನೆಯಷ್ಟೇ ಮೊಳೆ ಹೊಡೆದು ಇನ್ನೊಂದು ಫೋಟೋ ಹಾಕಿದ್ದಾರೆ. ಆ ಆಕಾಶ ಮುಟ್ಟುವ ಕಟ್ಟಡದ ಮುಂದೆ ಜ್ಯೋತಿಲಕ್ಷ್ಮಿ ನಿಂತು ನಗುತ್ತಿದ್ದಾಳೆ, ನನ್ನ ಕನ್ನಡಕ ಹಾಕಿಕೊಂಡು.